ಮುಚ್ಚಳದ ಜೇಡಗಳೂ ಅವುಗಳ ಬಂಧುಗಳೂ: ಗುರುತಿಸುವ ಮತ್ತು ಸಾಕುವ ಕ್ರಮ

ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಮಲೆನಾಡಿನ ಮನೆಗಳ ಜಗಲಿಯಲ್ಲಿಯೂ ಕೊಟ್ಟಿಗೆಯ ಗೋಡೆಯ ಬುಡದಲ್ಲಿಯೂ ಅಂಗೈಯಷ್ಟು ಅಗಲವಾದ, ಮೈಯೆಲ್ಲಾ ರೋಮದಿಂದ ಕೂಡಿದ ಜೇಡವೊಂದು ರಾತ್ರಿಯ ವೇಳೆಯಲ್ಲಿ ಕಾಣಿಸಿಕೊಳ್ಳುವುದುಂಟು. ಅದನ್ನು ಕಂಡೊಡನೆ ಮನೆಯವರು ಹೆದರಿ ದೊಣ್ಣೆಯನ್ನೋ ಪೊರಕೆಯನ್ನೋ ಹುಡುಕುವರು. ಬೇಸಿಗೆಯಲ್ಲಿ ತೋಟದ ದರೆ ಕೆತ್ತುವಾಗ ಒಳಗೆಲ್ಲಾ ನೂಲಿನ ಅಸ್ತರಿಯುಳ್ಳ ಬಿಲವು ಗುದ್ದಲಿಗೆ ಸಿಕ್ಕಿದರೆ, ಆಳುಗಳು ಅದಕ್ಕೆ ಸೀಮೆಎಣ್ಣೆ ಹೊಯ್ದು ಬೆಂಕಿಯಿಡುವುದೂ ಉಂಟು. ಇಂತಹ ಜೇಡ ಕಚ್ಚಿದವನು ಬದುಕುವುದಿಲ್ಲವೆಂಬ ನಂಬಿಕೆಯೇ ಇದಕ್ಕೆಲ್ಲಾ ಕಾರಣ.

ಈ ನಂಬಿಕೆಯಿಂದ ಎರಡು ಬಗೆಯ ಕೇಡುಗಳು ಒದಗುತ್ತವೆ. ಮನುಷ್ಯನಿಗೆ ಹೆಚ್ಚಿನ ಅಪಾಯವನ್ನುಂಟುಮಾಡದ, ಹತ್ತಾರು ವರ್ಷ ಬದುಕುವ ಪ್ರಾಣಿಯೊಂದು ವ್ಯರ್ಥವಾಗಿ ಸಾಯುವುದು ಮೊದಲನೆಯದು. ಎರಡನೆಯದು ಇದಕ್ಕಿಂತಲೂ ದೊಡ್ಡದು. ಬಿಲದಲ್ಲಿ ಕೈಯಿಟ್ಟವನಿಗೆ ಹಾವು ಕಚ್ಚಿರುವಾಗ ಅದನ್ನು ಜೇಡದ ಕಡಿತವೆಂದು ಎಣಿಸಿ, ಆಸ್ಪತ್ರೆಗೆ ಹೋಗಬೇಕಾದ ಹೊತ್ತನ್ನು ಮಂತ್ರ ಮದ್ದುಗಳಲ್ಲಿ ಕಳೆಯುವುದೇ ಅದು. ಇಂತಹ ಸಂದರ್ಭಗಳಲ್ಲಿ ಊರ ಜನರು ಮೊದಲು ಸಲಹೆ ಕೇಳುವುದು ಗ್ರಾಮದ ಮುಖ್ಯಸ್ಥರನ್ನೂ ಜಮೀನಿನ ಯಜಮಾನರನ್ನೂ ಆದುದರಿಂದ, ಈ ಜೇಡಗಳ ಲಕ್ಷಣಗಳನ್ನು ಅವರು ತಿಳಿದಿರುವುದು ಅವಶ್ಯಕವಾಗಿದೆ.

ಜೇಡಗಳ ಎರಡು ವರ್ಗಗಳು

ಜಗತ್ತಿನಲ್ಲಿ ಇದುವರೆಗೆ ಹೆಸರಿಡಲ್ಪಟ್ಟಿರುವ ಜೇಡಗಳ ಜಾತಿಗಳು ೫೦,೦೦೦ಕ್ಕೂ ಮಿಕ್ಕಿವೆ. ಇವುಗಳಲ್ಲಿ ಬಹು ದೊಡ್ಡ ಪಾಲು ಮನೆಯ ಮೂಲೆಯಲ್ಲಿಯೂ ಗಿಡಗಳ ನಡುವೆಯೂ ಬಲೆ ನೇಯುವ, ಇಲ್ಲವೆ ಪೈರಿನ ಮೇಲೆ ಓಡಾಡುವ ಸಾಮಾನ್ಯ ಜೇಡಗಳು. ಉಳಿದವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿಗಳು ಮೈಗಲೋಮಾರ್ಫ್ ಎಂಬ ಪುರಾತನ ವರ್ಗಕ್ಕೆ ಸೇರಿದವು. ಟರಾಂಟುಲ ಎಂದು ಹೆಸರಾದ ದೊಡ್ಡ ರೋಮದ ಜೇಡಗಳೂ, ಬಿಲಕ್ಕೆ ಬಾಗಿಲನ್ನಿಟ್ಟುಕೊಳ್ಳುವ ಮುಚ್ಚಳದ ಜೇಡಗಳೂ, ಇವುಗಳ ಇತರ ಬಂಧುಗಳೂ ಈ ವರ್ಗದವೇ. ಟರಾಂಟುಲ ಎಂಬ ಹೆಸರು ಇಟಲಿ ದೇಶದ ಟರಾಂಟೊ ಪಟ್ಟಣದಿಂದ ಬಂದುದು. ಅಲ್ಲಿ ಆ ಹೆಸರನ್ನು ಮೊದಲು ಪಡೆದುದು ಬೇರೆ ವರ್ಗದ ಒಂದು ತೋಳಜೇಡ; ಕಾಲಕ್ರಮದಲ್ಲಿ ಹೆಸರು ಈ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು.

ಈ ವರ್ಗವನ್ನು ಗುರುತಿಸಲು ಮೂರು ಲಕ್ಷಣಗಳು ಸಾಕು.

ಮೊದಲನೆಯದು ವಿಷದ ಕೋರೆಗಳ ಚಲನೆ. ಸಾಮಾನ್ಯ ಜೇಡದ ಎರಡು ಕೋರೆಗಳು ಇಕ್ಕಳದಂತೆ ಎಡಬಲಗಳಿಂದ ಬಂದು ಒಂದನ್ನೊಂದು ಸಂಧಿಸುತ್ತವೆ. ಮೈಗಲೋಮಾರ್ಫ್ ಜೇಡದ ಕೋರೆಗಳಾದರೋ ಜೋಡಿ ಗುದ್ದಲಿಗಳಂತೆ ಒಂದಕ್ಕೊಂದು ಸಮಾನಾಂತರವಾಗಿದ್ದು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಅದುಕಾರಣ ಈ ಜೇಡವು ಹೊಡೆಯುವ ಮೊದಲು ಮುಂಭಾಗವನ್ನೂ ಮುಂಗಾಲುಗಳನ್ನೂ ಮೇಲಕ್ಕೆತ್ತಿ ನಿಲ್ಲಬೇಕಾಗುವುದು. ಅದು ಹಾಗೆ ನಿಂತಿತೆಂದರೆ ಹತ್ತಿರ ಬರಬೇಡವೆಂದು ಎಚ್ಚರಿಸುತ್ತಿದೆಯೆಂದೇ ತಿಳಿಯಬೇಕು.

ಎರಡನೆಯದು ಉಸಿರಾಟದ ಅಂಗ. ಜೇಡವನ್ನು ಗಾಜಿನ ಪಾತ್ರೆಯಲ್ಲಿಟ್ಟು ಕೆಳಗಿನಿಂದ ನೋಡಿದರೆ ಹೊಟ್ಟೆಯ ಅಡಿಭಾಗದಲ್ಲಿ ನಾಲ್ಕು ಪೇಲವವಾದ ಮಚ್ಚೆಗಳು ಕಾಣುತ್ತವೆ. ಪುಸ್ತಕದ ಹಾಳೆಗಳಂತೆ ಪದರಪದರವಾಗಿರುವ ಶ್ವಾಸಕೋಶಗಳ ಎರಡು ಜೋಡಿಗಳೇ ಇವು. ಸಾಮಾನ್ಯ ಜೇಡಗಳಲ್ಲಿ ಪ್ರಾಯಶಃ ಒಂದೇ ಜೋಡಿ ಇರುವುದು.

ಮೂರನೆಯದು ಕಣ್ಣುಗಳು. ಇವುಗಳ ಎಂಟು ಕಣ್ಣುಗಳೂ ಬಹು ಚಿಕ್ಕವು. ಹೆಚ್ಚಿನವುಗಳಲ್ಲಿ ತಲೆಯ ಮುಂದೆ ಒಂದು ಸಣ್ಣ ದಿಬ್ಬದ ಮೇಲೆ ಗುಂಪಾಗಿರುತ್ತವೆ. ಬಿಲದಲ್ಲಿ ವಾಸಿಸುವ ತೋಳಜೇಡಗಳ ಮುಂಗಣ್ಣುಗಳು ದೊಡ್ಡವಾಗಿದ್ದು ಟಾರ್ಚಿನ ಬೆಳಕಿಗೆ ವಜ್ರದ ಹರಳಿನಂತೆ ಹೊಳೆಯುತ್ತವೆ. ತೋಳಜೇಡವು ಮೊಟ್ಟೆಯ ಗಂಟನ್ನು ಹಿಂಬದಿಗೆ ಕಟ್ಟಿಕೊಂಡು, ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುವುದರಿಂದಲೂ ಅದನ್ನು ಬೇರ್ಪಡಿಸಬಹುದು.

ಈ ಸೀಮೆಯಲ್ಲಿ ಕಾಣತಕ್ಕ ಬಗೆಗಳು

೧. ನೆಲದ ಟರಾಂಟುಲಗಳು. ಪಶ್ಚಿಮಘಟ್ಟಗಳ ದರೆಗಳಲ್ಲಿಯೂ ಕಾಡಂಚಿನ ಇಳಿಜಾರುಗಳಲ್ಲಿಯೂ ಇವುಗಳ ಬಿಲಗಳಿರುತ್ತವೆ. ಬಿಲದ ಬಾಯಿಗೆ ಬಾಗಿಲಿಲ್ಲ. ಸುತ್ತಲೂ ಬಿಳಿಯ ನೂಲಿನ ಅಂಚು ಮಾತ್ರ ಇರುವುದು. ಮೈ ತುಂಬ ರೋಮ; ಪಾದಗಳ ಅಡಿಯಲ್ಲಿ ಮಖಮಲ್ಲಿನಂತಹ ಮೆತ್ತೆ. ಅಮೆರಿಕಾ ಖಂಡದ ಅನೇಕ ಟರಾಂಟುಲಗಳು ತುರಿಕೆಯನ್ನುಂಟುಮಾಡುವ ಕೂದಲುಗಳನ್ನು ಹಿಂಗಾಲಿನಿಂದ ಉದುರಿಸಿ ಎಸೆಯುತ್ತವೆ. ಭಾರತದವುಗಳಲ್ಲಿ ಅಂತಹ ಕೂದಲುಗಳಿಲ್ಲ. ಕೆಲವು ಜಾತಿಗಳು ಕೆಣಕಿದಾಗ ಬಾಯಿಯ ಬಳಿಯ ಮುಳ್ಳುಗಳನ್ನು ಉಜ್ಜಿ ಬುಸುಗುಟ್ಟುವ ಶಬ್ದವನ್ನು ಮಾಡುವುವು.

೨. ಮರದ ಟರಾಂಟುಲಗಳು. ಪೊಯಿಸಿಲೊಥೀರಿಯ ಎಂಬ ಕುಲದ ಇವು ಹಳೆಯ ಮರಗಳ ಪೊಟರೆಗಳಲ್ಲಿಯೂ ಸಡಿಲವಾದ ತೊಗಟೆಯ ಹಿಂದೆಯೂ ಇರುತ್ತವೆ. ಮೈಮೇಲೆ ಬೂದು ಕಪ್ಪು ಬಣ್ಣಗಳ ಅಂದವಾದ ಚಿತ್ತಾರವುಂಟು. ಅನೇಕ ಜಾತಿಗಳಲ್ಲಿ ಮುಂಗಾಲುಗಳ ಒಳಬದಿಯು ಎದ್ದುಕಾಣುವ ಹಳದಿ ಬಣ್ಣದ್ದಾಗಿರುವುದು. ಬಹು ವೇಗವಾಗಿ ಓಡುತ್ತವೆ. ಇವುಗಳನ್ನು ಯಾರೂ ಮುಟ್ಟತಕ್ಕದ್ದಲ್ಲ. ಕಾರಣವು ಮುಂದೆ ತಿಳಿಯುವುದು.

೩. ಮುಚ್ಚಳದ ಜೇಡಗಳು. ಇಡಿಯಾಪ್ಸ್ ಮೊದಲಾದ ಕುಲಗಳ ಇವು ಮೈಮೇಲೆ ಹೆಚ್ಚು ರೋಮವಿಲ್ಲದೆ ಕರಿಯ ಅಥವಾ ಕಂದುಬಣ್ಣದ ಹೊಳಪುಳ್ಳವು. ಕೋರೆಗಳ ಬುಡದಲ್ಲಿ ಕುಂಟೆಯ ಹಲ್ಲುಗಳಂತಹ ಗಟ್ಟಿ ಮುಳ್ಳುಗಳಿದ್ದು ಮಣ್ಣನ್ನು ಅಗೆಯಲು ಉಪಯೋಗವಾಗುತ್ತವೆ. ಬಿಲದ ಬಾಯಿಗೆ ಮಣ್ಣನ್ನೂ ನೂಲನ್ನೂ ಸೇರಿಸಿ ಮಾಡಿದ ದುಂಡನೆಯ ಕದವುಂಟು. ಅದು ಒಂದು ಬದಿಯಲ್ಲಿ ನೂಲಿನ ತಿರುಗಣಿಯಿಂದ ಬಿಲಕ್ಕೆ ಸೇರಿರುವುದು. ಹೊರಮೈಗೆ ಸುತ್ತಲಿನ ಮಣ್ಣು, ಪಾಚಿ, ಒಣಗಿದ ಎಲೆಯ ಚೂರುಗಳನ್ನೇ ಮೆತ್ತಿರುವುದರಿಂದ ಮುಚ್ಚಿದ ಕದವು ಪಕ್ಕದಲ್ಲೇ ಕುಳಿತವನಿಗೂ ಗೋಚರವಾಗದು. ಹುಲ್ಲುಕಡ್ಡಿಯಿಂದ ಕದವನ್ನೆತ್ತಲು ಹೋದರೆ ಜೇಡವು ಒಳಗಿನಿಂದ ಕೋರೆಗಳನ್ನೂ ಉಗುರುಗಳನ್ನೂ ನೆಟ್ಟು ಎಳೆದು ಹಿಡಿಯುವುದು. ಆ ಸೆಳೆತವು ಕೈಗೆ ಚೆನ್ನಾಗಿ ತಿಳಿಯುತ್ತದೆ.

೪. ತೊಗಟೆಯ ಜೇಡಗಳು. ಸೇಸನ್ ಎಂಬ ಕುಲದ ಈ ಸಣ್ಣ ಜೇಡಗಳು ದಕ್ಷಿಣ ಭಾರತದಲ್ಲಿಯೂ ಸಿಂಹಳದಲ್ಲಿಯೂ ಉಂಟು. ಮರದ ತೊಗಟೆಯ ಮೇಲೆ ಚಿಕ್ಕ ನೂಲಿನ ಗೂಡನ್ನು ಕಟ್ಟಿ, ಎರಡು ತುದಿಗಳಿಗೂ ಒಂದೊಂದು ಕದವನ್ನಿಡುವುದು ಇವುಗಳ ವಿಶೇಷ. ಒಂದು ಬಾಗಿಲಲ್ಲಿ ಶತ್ರು ಬಂದರೆ ಇನ್ನೊಂದರಿಂದ ಪಾರಾಗಬಹುದು.

೫. ಹಾಸುಬಲೆಯ ಜೇಡಗಳು. ಇಂಡೊಥೀಲ್ ಎಂಬ ಕುಲದ ಇವು ದರೆಯ ಸಂದುಗಳಲ್ಲಿಯೂ ಕಲ್ಲುಗಳ ಅಡಿಯಲ್ಲಿಯೂ ತೆಳುವಾದ ಬಟ್ಟೆ ಹಾಸಿದಂತೆ ಬಲೆಯನ್ನು ನೇಯುತ್ತವೆ. ಹೊಟ್ಟೆಯ ತುದಿಯಲ್ಲಿ ಎರಡು ಬಾಲಗಳಂತೆ ಚಾಚಿಕೊಂಡಿರುವ ನೂಲುಕೊಳವೆಗಳೇ ಇವುಗಳ ಗುರುತು.

ಭಾರತದ ಈ ಜೇಡಗಳಲ್ಲಿ ಅನೇಕವನ್ನು ಶಾಸ್ತ್ರೀಯವಾಗಿ ವರ್ಣಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಆರ್. ಐ. ಪೊಕಾಕ್ ಎಂಬ ವಿದ್ವಾಂಸರು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಅವರ ಸಂಪುಟವು ೧೯೦೦ರಲ್ಲಿ ಪ್ರಕಟವಾಯಿತು. ಅಲ್ಲಿಂದೀಚೆಗೂ ಹೊಸ ಜಾತಿಗಳು ಗೊತ್ತಾಗುತ್ತಲೇ ಇವೆ.

ಬಿಲಗಳ ವ್ಯತ್ಯಾಸ

ಹೊಲದ ಬದುವಿನಲ್ಲಿ ಕಾಣುವ ತೂತುಗಳೆಲ್ಲವೂ ಜೇಡದವಲ್ಲ. ಏಡಿಯ ಬಿಲವು ಸಾಮಾನ್ಯವಾಗಿ ನೀರಿನ ಹತ್ತಿರವಿದ್ದು ಬಾಯಿಯಲ್ಲಿ ಹಸಿಮಣ್ಣಿನ ಉಂಡೆಗಳು ಬಿದ್ದಿರುತ್ತವೆ. ಕರಿಚೇಳಿನ ಬಿಲದ ಬಾಯಿಯು ದುಂಡಗಿರದೆ ಅರ್ಧಚಂದ್ರದಂತೆ ಅಗಲವಾಗಿಯೂ ಚಪ್ಪಟೆಯಾಗಿಯೂ ಇರುವುದು. ಇಲಿಯ ಬಿಲದ ಮುಂದೆ ಸಡಿಲಮಣ್ಣಿನ ಗುಪ್ಪೆಯೂ ಓಡಾಡಿದ ಜಾಡೂ ಇರುವುದು. ಇವು ಯಾವುವಕ್ಕೂ ನೂಲಿನ ಅಸ್ತರಿಯಿಲ್ಲ. ಬಿಲದ ಬಾಯಿ ದುಂಡಗಿದ್ದು, ಒಳಗೋಡೆಗೆ ನೂಲು ಅಂಟಿದ್ದರೆ ಮಾತ್ರ ಜೇಡದ್ದೆಂದು ತಿಳಿಯತಕ್ಕದ್ದು. ಈ ಪರೀಕ್ಷೆಯನ್ನು ಕಣ್ಣಿನಿಂದಲೂ ಉದ್ದವಾದ ಕಡ್ಡಿಯಿಂದಲೂ ಮಾಡಬೇಕೇ ಹೊರತು ಬೆರಳಿನಿಂದ ಕೂಡದು. ಇಲಿಯ ಬಿಲದಲ್ಲಿ ಇಲಿಗಿಂತ ಹೆಚ್ಚಾಗಿ ಹಾವೇ ಇದ್ದೀತು.

ಜೀವನಕ್ರಮ

ಹೆಣ್ಣುಜೇಡವು ತನ್ನ ಆಯುಷ್ಯವನ್ನೆಲ್ಲಾ ಬಹುಮಟ್ಟಿಗೆ ಬಿಲದಲ್ಲಿಯೇ ಕಳೆಯುವುದು. ಹಗಲಲ್ಲಿ ತಳದಲ್ಲಿದ್ದು, ಕತ್ತಲಾದ ಮೇಲೆ ಬಾಯಿಗೆ ಬಂದು ಕಾದಿರುವುದು. ಮುಚ್ಚಳದ ಜೇಡವು ಕದವನ್ನು ಕೂದಲೆಳೆಯಷ್ಟು ಎತ್ತಿ ಮುಂಗಾಲುಗಳ ತುದಿಯನ್ನು ಹೊರಗಿಟ್ಟಿರುವುದು. ಮಿಡತೆ, ಜೀರುಂಡೆ, ಜಿರಳೆ, ಗೆದ್ದಲು ಮೊದಲಾದ ಹುಳುಗಳು ಹತ್ತಿರ ಸುಳಿದರೆ ನೆಲದ ಅದುರುವಿಕೆಯಿಂದಲೇ ಅದನ್ನರಿತು ಹಾರಿ ಹಿಡಿದು ಒಳಕ್ಕೆಳೆಯುವುದು.

ಗಂಡುಜೇಡವು ಪ್ರಾಯಕ್ಕೆ ಬಂದ ಮೇಲೆ ಬಿಲವನ್ನು ಬಿಟ್ಟು ಹೆಣ್ಣನ್ನರಸಿ ಹೊರಡುವುದು. ಮಳೆಗಾಲದಲ್ಲಿ ಮನೆಯೊಳಗೆ ಬರುವ ಜೇಡಗಳು ಬಹುಶಃ ಇಂತಹ ಗಂಡುಗಳೇ. ಕಾಲುಗಳು ಉದ್ದ, ಹೊಟ್ಟೆ ಚಿಕ್ಕದು. ಬಾಯಿಯ ಎರಡು ಪಕ್ಕಗಳಲ್ಲಿರುವ ಕಿರುಗಾಲುಗಳ ತುದಿಯು ಉಬ್ಬಿಕೊಂಡಿರುವುದು. ಅವು ಯಾರನ್ನೂ ಕಚ್ಚಲೆಂದು ಬಂದವುಗಳಲ್ಲ. ದಾರಿ ತಪ್ಪಿ ಬಂದವು. ಪ್ರಾಯಕ್ಕೆ ಬಂದ ಗಂಡಿನ ಆಯುಷ್ಯವು ಸಾಮಾನ್ಯವಾಗಿ ಮುಂದೆ ಕೆಲವು ತಿಂಗಳು ಮಾತ್ರ.

ಹೆಣ್ಣಿನ ಆಯುಷ್ಯವಾದರೋ ಆಶ್ಚರ್ಯಕರವಾದುದು. ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ ಬಾರ್ಬರಾ ಯಾರ್ಕ್ ಮೇಯ್ನ್ ಎಂಬ ವಿದುಷಿಯು ೧೯೭೪ರಲ್ಲಿ ಮುಚ್ಚಳದ ಜೇಡಗಳ ಬಿಲಗಳಿಗೆ ಗುರುತಿನ ಗೂಟಗಳನ್ನು ನೆಟ್ಟು, ವರ್ಷ ವರ್ಷವೂ ಹೋಗಿ ಪರೀಕ್ಷಿಸತೊಡಗಿದರು. ಅವುಗಳಲ್ಲಿ ೧೬ನೆಯ ಸಂಖ್ಯೆಯ ಜೇಡವು ಅದೇ ಬಿಲದಲ್ಲಿಯೇ ೪೩ ವರ್ಷ ಬದುಕಿತ್ತು. ೨೦೧೬ರಲ್ಲಿ ನೋಡಿದಾಗ ಕದದಲ್ಲಿ ಕಣಜವು ಕೊರೆದ ತೂತು ಇತ್ತು, ಜೇಡವು ಇರಲಿಲ್ಲ. ನಮ್ಮ ಇಡಿಯಾಪ್ಸ್ ಜೇಡಗಳೂ ಅದೇ ಕುಟುಂಬಕ್ಕೆ ಸೇರಿದವು. ಹೀಗಿರಲು, ತಂದೆಯು ಹಾಕಿಸಿದ ಬದುವಿನಲ್ಲಿ ಅಂದು ಬಿಲ ತೋಡಿದ ಜೇಡವು ಮಗನು ಯಜಮಾನನಾದ ಕಾಲದಲ್ಲಿಯೂ ಅಲ್ಲಿಯೇ ಇರುವುದು ಅಸಂಭವವಲ್ಲ.

ಮರಿಗಳು ಹೆಚ್ಚಾಗಿ ತಾಯಿಯ ಬಿಲದಿಂದ ನಡೆದು ಹೊರಟು, ಸಮೀಪದಲ್ಲಿಯೇ ನೆಲೆಸುತ್ತವೆ. ಆದುದರಿಂದಲೇ ಒಂದು ದರೆಯಲ್ಲಿ ಹತ್ತಾರು ಬಿಲಗಳಿದ್ದು, ಅಂತಹುದೇ ಇನ್ನೊಂದು ದರೆಯಲ್ಲಿ ಒಂದೂ ಇಲ್ಲದಿರುವುದು. ಒಮ್ಮೆ ಪೂರ್ತಿಯಾಗಿ ಕಡಿದುಹಾಕಿದ ನೆಲೆಗೆ ಅವು ಮತ್ತೆ ಬರುವುದು ಬಹು ನಿಧಾನ.

ಇವುಗಳಿಂದ ಬೆಳೆಗೆ ಏನು ಲಾಭವೆಂದು ಕೇಳಬಹುದು. ಹುಳುಗಳನ್ನು ತಿನ್ನುವುದು ನಿಜ. ಆದರೆ ಒಂದು ಜೇಡವು ತಿನ್ನುವುದು ಸ್ವಲ್ಪ, ಅದೂ ಬಿಲದ ಬಾಯಿಯಲ್ಲಿ ಸಿಕ್ಕಿದ್ದನ್ನು ಮಾತ್ರ. ಪೈರಿನ ಮೇಲೆಯೇ ಓಡಾಡುವ ಸಾಮಾನ್ಯ ಜೇಡಗಳು ಮಾಡುವ ಉಪಕಾರಕ್ಕೆ ಇದು ಸಮನಲ್ಲ. ಆದರೆ ಇವುಗಳಿಂದ ಬೆಳೆಗಾಗಲಿ ದನಕರುಗಳಿಗಾಗಲಿ ಹಾನಿಯೇನೂ ಇಲ್ಲ. ಬಿಲಗಳಿರುವ ದರೆಯು ಬಹುಕಾಲದಿಂದ ಕುಸಿಯದೆ ನಿಂತ ನೆಲವೆಂಬುದಕ್ಕೆ ಅವೇ ಸಾಕ್ಷಿ.

ವಿಷವೂ ಉಪಚಾರವೂ

ಈ ವರ್ಗದಲ್ಲಿ ಮನುಷ್ಯರ ಪ್ರಾಣಕ್ಕೆ ಅಪಾಯಕರವೆಂದು ಹೆಸರಾದುದು ಆಸ್ಟ್ರೇಲಿಯದ ಸಿಡ್ನಿ ಪಟ್ಟಣದ ಸುತ್ತಲೂ ಇರುವ ಆಟ್ರಾಕ್ಸ್ ಎಂಬ ಜೇಡ. ಅದಕ್ಕೆ ೧೯೮೧ರಲ್ಲಿ ಪ್ರತಿವಿಷವು ಸಿದ್ಧವಾಯಿತು. ಆ ಜೇಡವು ಭಾರತದಲ್ಲಿಲ್ಲ. ಇಲ್ಲಿಯ ನೆಲದ ಜೇಡಗಳು ಕಚ್ಚಿದರೆ ನೋವು ಮತ್ತು ಊತ ಉಂಟಾಗುವುವು. ಮರದ ಟರಾಂಟುಲದ ಕಡಿತವು ಹೆಚ್ಚು ಕಠಿಣವಾದುದು. ತೀವ್ರವಾದ ನೋವಿನೊಡನೆ ಮಾಂಸಖಂಡಗಳ ಸೆಡೆತವುಂಟಾಗಿ, ಅದು ಕೆಲವು ದಿನಗಳವರೆಗೆ ಮರುಕಳಿಸಬಹುದು. ಆದುದರಿಂದ ವೈದ್ಯರ ಸಹಾಯವನ್ನು ಪಡೆಯಬೇಕು.

೨೦೧೨ರಲ್ಲಿ ಅಸ್ಸಾಮಿನ ಸದಿಯಾ ಪ್ರದೇಶದಲ್ಲಿ ಜೇಡಗಳ ಭೀತಿ ಹಬ್ಬಿ, ಇಬ್ಬರು ಸತ್ತರೆಂಬ ಸುದ್ದಿಯು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು. ಕಚ್ಚಿಸಿಕೊಂಡವರ ಗಾಯಗಳನ್ನು ನಾಟಿ ಮಂತ್ರವಾದಿಗಳು ಕ್ಷೌರದ ಅಲಗಿನಿಂದ ಕೊಯ್ದಿದ್ದರೆಂದೂ ವರದಿಯಾಯಿತು. ಸಾವಿಗೆ ಜೇಡದ ವಿಷವೇ ಕಾರಣವೆಂಬುದು ಸ್ಥಿರಪಡಲಿಲ್ಲ. ಕಡಿತಕ್ಕಿಂತ ಉಪಚಾರವೇ ಕೆಡುಕಾಗಬಹುದೆಂಬುದನ್ನು ಇದರಿಂದ ಗ್ರಹಿಸಬೇಕು.

ಕಚ್ಚಿದಾಗ ಮಾಡತಕ್ಕದ್ದಿಷ್ಟೇ: ಗಾಯವನ್ನು ಸಾಬೂನು ನೀರಿನಿಂದ ತೊಳೆಯುವುದು, ತಣ್ಣೀರಿನ ಬಟ್ಟೆಯನ್ನಿಡುವುದು, ಊತ ಏರುವ ಮೊದಲು ಉಂಗುರ ಬಳೆಗಳನ್ನು ತೆಗೆಯುವುದು, ಆಸ್ಪತ್ರೆಗೆ ಕರೆದೊಯ್ಯುವುದು. ಕೊಯ್ಯುವುದು, ಸುಡುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಕೂಡದು. ಕಚ್ಚಿದ ಪ್ರಾಣಿಯನ್ನು ಕಣ್ಣಾರೆ ಕಾಣದಿದ್ದರೆ ಹಾವೇ ಕಚ್ಚಿತೆಂದು ಭಾವಿಸಿ ತಡಮಾಡದೆ ಆಸ್ಪತ್ರೆಯನ್ನು ಸೇರತಕ್ಕದ್ದು. ಕಟ್ಟುಹಾವಿನ ಕಡಿತವು ಅನೇಕ ವೇಳೆ ನೋವೇ ಇಲ್ಲದೆ ಆಗುವುದರಿಂದ, ನೋವಿಲ್ಲವೆಂದು ಸಮಾಧಾನಪಡುವುದು ಬಹಳ ಅಪಾಯ.

ಮಳೆಗಾಲದಲ್ಲಿ ಚರ್ಮದ ಮೇಲೆ ಸಾಲಾಗಿ ಉರಿಗುಳ್ಳೆಗಳೆದ್ದರೆ ಜೇಡ ಹರಿದುದರಿಂದಾಯಿತೆಂದು ಹೇಳುವ ರೂಢಿಯುಂಟು. ಇಂತಹ ಗುಳ್ಳೆಗಳು ಅನೇಕ ವೇಳೆ ದೀಪಕ್ಕೆ ಬರುವ ಒಂದು ಬಗೆಯ ಸಣ್ಣ ಜೀರುಂಡೆಯನ್ನು ಮೈಮೇಲೆ ಉಜ್ಜಿದುದರಿಂದ ಏಳುತ್ತವೆ. ಅದರಲ್ಲಿ ಜೇಡದ ತಪ್ಪಿಲ್ಲ.

ಸಾಕುವ ಕ್ರಮ

ಈ ಜೇಡಗಳನ್ನು ಸಾಕುವುದಕ್ಕೆ ಅತ್ಯುತ್ತಮವಾದ ಸ್ಥಳವು ಅವುಗಳ ಸ್ವಂತ ಬಿಲವೇ. ಬಿಲದಿಂದ ಒಂದು ಗೇಣು ದೂರದಲ್ಲಿ ಸಂಖ್ಯೆ ಬರೆದ ಗೂಟವನ್ನು ನೆಟ್ಟು, ತಿಂಗಳಿಗೊಮ್ಮೆ ರಾತ್ರಿಯಲ್ಲಿ ನೋಡಿ ಪುಸ್ತಕದಲ್ಲಿ ಬರೆದಿಡುವ ಕ್ರಮವನ್ನು ಊರಿನ ಶಾಲೆಯ ಮಕ್ಕಳಿಂದಲೂ ಮಾಡಿಸಬಹುದು. ಇದಕ್ಕೆ ವೆಚ್ಚವಿಲ್ಲ, ಜೇಡಕ್ಕೂ ತೊಂದರೆಯಿಲ್ಲ.

ದಾರಿಗಾಗಿಯೋ ಕಟ್ಟಡಕ್ಕಾಗಿಯೋ ದರೆಯನ್ನು ಕಡಿಯಲೇಬೇಕಾದಾಗ ಮಾತ್ರ ಮುಚ್ಚಳದ ಜೇಡವನ್ನು ತೆಗೆದು ಕೆಲವು ಕಾಲ ಇಟ್ಟುಕೊಳ್ಳಬಹುದು. ಆಗ ಅನುಸರಿಸತಕ್ಕ ನಿಯಮಗಳು ಇವು:

೧. ಬಿಲದ ಬಾಯಿಯಿಂದ ಅಗೆಯಕೂಡದು. ಪಕ್ಕದಲ್ಲಿ ಹಳ್ಳ ತೋಡಿ, ಬಿಲವನ್ನು ಸುತ್ತಲಿನ ಮಣ್ಣಿನ ಹೆಂಟೆಯೊಡನೆಯೇ ಎತ್ತಬೇಕು. ಜೇಡವನ್ನು ಕೈಯಿಂದ ಹಿಡಿಯದೆ ಅಗಲಬಾಯಿಯ ಪಾತ್ರೆಯೊಳಕ್ಕೆ ಕುಂಚದಿಂದ ಮೆಲ್ಲನೆ ಸರಿಸಬೇಕು. ಎತ್ತರದಿಂದ ಬಿದ್ದರೆ ಅದರ ಹೊಟ್ಟೆಯು ಒಡೆದು ಸಾಯುವುದು.

೨. ಅದೇ ಸ್ಥಳದ ಮಣ್ಣನ್ನು ಎತ್ತರವಾದ ಗಾಜಿನ ಅಥವಾ ಮಣ್ಣಿನ ಪಾತ್ರೆಯಲ್ಲಿ ೮ ಅಂಗುಲಕ್ಕೆ ಕಡಿಮೆಯಿಲ್ಲದಂತೆ ತುಂಬಿ ಅದುಮಬೇಕು. ಬೆಳೆದ ಜೇಡವು ಹೊಸ ಬಿಲ ತೋಡಲು ಹಿಂಜರಿಯುವುದರಿಂದ, ಅದರ ಮೈ ಹಿಡಿಯುವಷ್ಟು ದಪ್ಪನಾದ ಕೋಲಿನಿಂದ ಓರೆಯಾಗಿ ಒಂದು ಕುಳಿಯನ್ನು ಮಾಡಿಕೊಡಬೇಕು.

೩. ಒಂದು ಪಾತ್ರೆಗೆ ಒಂದೇ ಜೇಡ. ಎರಡನ್ನು ಕೂಡಿಟ್ಟರೆ ಒಂದು ಇನ್ನೊಂದನ್ನು ತಿನ್ನುವುದು. ಪಾತ್ರೆಗೆ ಸಣ್ಣ ರಂಧ್ರಗಳ ಭದ್ರವಾದ ಮುಚ್ಚಳವಿರಬೇಕು, ಬಿಸಿಲು ಬೀಳಕೂಡದು, ಮಕ್ಕಳ ಕೈಗೆ ಸಿಕ್ಕಕೂಡದು.

೪. ವಾರಕ್ಕೊಮ್ಮೆ ಒಂದು ಬದಿಯ ಮಣ್ಣಿಗೆ ಮಾತ್ರ ಸ್ವಲ್ಪ ನೀರು ಬಿಡಬೇಕು. ಮಣ್ಣು ಕೆಸರಾದರೂ ಪೂರ್ತಿ ಒಣಗಿದರೂ ಜೇಡವು ಉಳಿಯದು.

೫. ವಾರಕ್ಕೋ ಹತ್ತು ದಿನಕ್ಕೋ ಒಂದು ಮಿಡತೆ ಅಥವಾ ಜಿರಳೆ ಸಾಕು. ಔಷಧಿ ಸಿಂಪಡಿಸಿದ ಹೊಲದ ಹುಳುಗಳನ್ನು ಎಂದಿಗೂ ಕೊಡಕೂಡದು. ತಿನ್ನದೆ ಬಿಟ್ಟುದನ್ನು ಮರುದಿನ ತೆಗೆಯಬೇಕು.

೬. ಪೊರೆ ಬಿಡುವ ಕಾಲದಲ್ಲಿ ಜೇಡವು ಕದವನ್ನು ನೂಲಿನಿಂದ ಭದ್ರಪಡಿಸಿ ವಾರಗಟ್ಟಲೆ ಆಹಾರವನ್ನು ಮುಟ್ಟದಿರುವುದು. ಆಗ ಸತ್ತಿತೆಂದು ಭಾವಿಸಿ ಅಗೆದು ನೋಡುವುದರಿಂದಲೇ ಅನೇಕ ಜೇಡಗಳು ಸಾಯುವುದುಂಟು. ಹೊಸ ಮೈ ಗಟ್ಟಿಯಾಗುವವರೆಗೆ ಅದರ ತಂಟೆಗೆ ಹೋಗಕೂಡದು.

೭. ಮಳೆ ಬಿದ್ದು ನೆಲ ಮೆದುವಾದೊಡನೆ, ತೆಗೆದ ಸ್ಥಳಕ್ಕೆ ಆದಷ್ಟು ಸಮೀಪದ, ಕಡಿಯದೆ ಉಳಿದ ದರೆಯಲ್ಲಿ ಮೊದಲಿನಂತೆಯೇ ಕುಳಿ ಮಾಡಿ ಬಿಡತಕ್ಕದ್ದು.

ಕಾನೂನಿನ ಮಾತು

ಮರದ ಟರಾಂಟುಲಗಳ ಇಡೀ ಕುಲವು ೨೦೧೯ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಆ ಒಪ್ಪಂದದ ಪ್ರಾಣಿಗಳಿಗಾಗಿ ೨೦೨೨ರ ತಿದ್ದುಪಡಿಯು ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಪ್ರತ್ಯೇಕ ಅನುಸೂಚಿಯನ್ನು ಸೇರಿಸಿತು. ಆದುದರಿಂದ ಅವುಗಳನ್ನು ಹಿಡಿಯುವುದಾಗಲಿ ಮಾರುವುದಾಗಲಿ ಕೂಡದು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಯಾವ ಜೇಡವನ್ನೂ ಅಪ್ಪಣೆಯಿಲ್ಲದೆ ತೆಗೆಯಲಾಗದು.

ಈ ಕಟ್ಟಳೆಗೆ ಕಾರಣವಿಲ್ಲದೆ ಇಲ್ಲ. ಆಂಧ್ರ ಸೀಮೆಯ ಗುತ್ತಿಯಲ್ಲಿ ಸಿಕ್ಕಿದ ನೀಲಿ ಬಣ್ಣದ ಮರದ ಟರಾಂಟುಲವನ್ನು ಪೊಕಾಕರು ೧೮೯೯ರಲ್ಲಿ ವರ್ಣಿಸಿದರು. ಆಮೇಲೆ ನೂರು ವರ್ಷಗಳವರೆಗೆ ಅದನ್ನು ಯಾರೂ ಕಾಣಲಿಲ್ಲ. ೨೦೦೧ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಅರಣ್ಯದಲ್ಲಿ ಮತ್ತೆ ಸಿಕ್ಕಿತು. ಇಂದು ವಿದೇಶಗಳ ಹವ್ಯಾಸಿಗಳ ಮನೆಗಳಲ್ಲಿ ಅದು ಧಾರಾಳವಾಗಿರುವುದು. ತನ್ನ ಕಾಡಿನಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿರುವುದು. ಜೇಡಗಳನ್ನು ಕೊಳ್ಳುತ್ತೇವೆಂದು ಅಪರಿಚಿತರು ಬಂದು ಕೂಲಿಕಾರರಿಗೆ ಹಣದ ಆಸೆ ತೋರಿಸಿದರೆ, ಸಮೀಪದ ಅರಣ್ಯಾಧಿಕಾರಿಗಳಿಗೆ ತಿಳಿಸುವುದು ಗ್ರಾಮಮುಖ್ಯರ ಕರ್ತವ್ಯವಾಗಿದೆ.

ಜಮೀನಿನ ಯಜಮಾನರು ಮಾಡತಕ್ಕದ್ದು

ಬೇಸಿಗೆಯಲ್ಲಿ ದರೆ ಕೆತ್ತಿಸುವ ಮೊದಲು ಒಂದು ಸಂಜೆ ಟಾರ್ಚು ಹಿಡಿದು ನೋಡಿ, ಬಿಲಗಳು ಹೆಚ್ಚಾಗಿರುವ ನಾಲ್ಕಾರು ಮಾರು ಜಾಗವನ್ನು ಗುರುತು ಮಾಡಿ ಬಿಟ್ಟುಬಿಡುವುದು. ಬಿಲಗಳಿಗೆ ಎಣ್ಣೆ, ಬೆಂಕಿ, ಔಷಧಿಗಳನ್ನು ಹಾಕದಂತೆ ಆಳುಗಳಿಗೆ ಹೇಳುವುದು. ಪೊಟರೆಯುಳ್ಳ ಹಳೆಯ ಮರವನ್ನು ಅವಶ್ಯಕತೆಯಿಲ್ಲದೆ ಕಡಿಸದಿರುವುದು. ಮಳೆಗಾಲದಲ್ಲಿ ಮನೆಯೊಳಕ್ಕೆ ಬಂದ ಜೇಡದ ಮೇಲೆ ಅಗಲವಾದ ಪಾತ್ರೆಯನ್ನು ಕವುಚಿ, ಅಡಿಯಲ್ಲಿ ರಟ್ಟನ್ನು ತೂರಿಸಿ, ತೋಟದ ಅಂಚಿಗೆ ಒಯ್ದು ಬಿಡುವುದು. ಇಷ್ಟು ಮಾಡಿದರೆ ಸಾಕು. ಆಳುಗಳ ಕೈಗೆ ದಪ್ಪನೆಯ ಕೈಚೀಲವನ್ನೂ, ಮನೆಯವರೆಲ್ಲರಿಗೂ ಆಸ್ಪತ್ರೆಯ ದಾರಿಯ ತಿಳಿವಳಿಕೆಯನ್ನೂ ಕೊಟ್ಟ ಯಜಮಾನನಿಗೆ ಜೇಡದಿಂದಲೂ ಹಾವಿನಿಂದಲೂ ಬರುವ ಭಯವು ಬಹಳ ಮಟ್ಟಿಗೆ ಕಡಿಮೆಯಾಗುವುದು.